ಡೇಗೆಯೂ ಬೆತ್ತವೂ

ದುಡಿಯುವ ಬಡವರ ಮಕ್ಕಳ ಬಾಲ್ಯವನ್ನು ಇದ್ದುದು ಇದ್ದಂತೆ ತೋರಿಸುವ ಚಲಚ್ಚಿತ್ರಗಳ ವಿಷಯದಲ್ಲಿ ವಿದ್ಯಾವಂತರ ಗೋಷ್ಠಿಗಳಲ್ಲಿ ಎರಡು ಬಗೆಯ ಮಾತು ಕೇಳಿಬರುವುದುಂಟು. ಒಂದು ಪಕ್ಷದವರು, ಇಂತಹ ಚಿತ್ರಗಳಲ್ಲಿ ರಸವಿಲ್ಲ, ಕೇರಿಯ ಕೆಸರನ್ನು ತಂದು ಬೆಳ್ಳಿಯ ತೆರೆಗೆ ಮೆತ್ತಿದ ಮಾತ್ರಕ್ಕೆ ಅದು ಕಲೆಯೆನಿಸದು, ದಿನವೆಲ್ಲ ದುಡಿದು ದಣಿದವನು ಸಂಜೆಗೆ ಕಾಸು ಕೊಟ್ಟು ದುಃಖವನ್ನು ಏತಕ್ಕೆ ಕೊಳ್ಳಬೇಕು, ಎಂದು ಕೇಳುವರು. ಇನ್ನೊಂದು ಪಕ್ಷದವರು ಇವನ್ನು ನೋಡಿ ಕಣ್ಣೊರಸಿಕೊಂಡು, ‘ಅಯ್ಯೋ ಪಾಪ, ಎಂತಹ ಬಡತನ! ಎಷ್ಟು ಸಹಜವಾಗಿ ತೋರಿಸಿದ್ದಾರೆ!’ ಎಂದು ಹೊಗಳಿ, ಮನೆಗೆ ಹೋಗಿ ಉಂಡು ಮಲಗುವರು. ಮೊದಲನೆಯವರಿಗೆ ಉತ್ತರ ಹೇಳುವುದು ಅಷ್ಟೇನೂ ಕಷ್ಟವಲ್ಲ. ಎರಡನೆಯವರ ಕಾಯಿಲೆಯೇ ಹೆಚ್ಚು ಗೂಢವಾದುದು. ಅದನ್ನು ಕಾಯಿಲೆಯೆಂದು ಹೇಳುವವರೂ ವಿರಳ. ಚಿತ್ರಮಂದಿರಕ್ಕೆ ಹೋಗದೆ ಮನೆಯಲ್ಲಿಯೇ ಕುಳಿತು ದೇಶದೇಶಾಂತರಗಳ ಚಿತ್ರಗಳನ್ನು ನೋಡುವ ಸೌಕರ್ಯ ಈಗ ಒದಗಿರುವುದರಿಂದ, ಹೊರನಾಡಿನ ಒಂದೇ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಈ ಎರಡು ಪಕ್ಷಗಳನ್ನೂ ಪರೀಕ್ಷಿಸಿದರೆ ವಾಚಕರು ತಾವೇ ನೋಡಿ ತೀರ್ಮಾನಕ್ಕೆ ಬರಬಹುದು.

ಆ ಚಿತ್ರದ ಹೆಸರು ‘ಕೆಸ್’. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಬಾರ್ನ್ಸ್‌ಲಿ ಎಂಬ ಊರಿದೆ. ಅದರ ಸುತ್ತಮುತ್ತಲೆಲ್ಲ ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳು. ಅಲ್ಲಿಗೆ ಸಮೀಪದ ಹಾಯ್ಲೆಂಡ್ ಕಾಮನ್ ಎಂಬಲ್ಲಿ 1939ರಲ್ಲಿ ಗಣಿಯ ಕೆಲಸಗಾರನ ಮಗನಾಗಿ ಹುಟ್ಟಿ, ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದ ಬ್ಯಾರಿ ಹೈನ್ಸ್ ಎಂಬವರು 1968ರಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದರು. ಅದನ್ನು ಆಧರಿಸಿ ಕೆನ್ ಲೋಚ್ ಎಂಬ ನಿರ್ದೇಶಕರು, ಟೋನಿ ಗಾರ್ನೆಟ್ ಎಂಬ ನಿರ್ಮಾಪಕರೊಡಗೂಡಿ, ಆ ಊರಿನ ಬೀದಿಗಳಲ್ಲಿಯೂ ಆ ಊರಿನ ಶಾಲೆಯೊಂದರಲ್ಲಿಯೂ ಅದೇ ವರ್ಷದ ಬೇಸಗೆಯಲ್ಲಿ ಚಿತ್ರವನ್ನು ತೆಗೆದರು. ಮುಖ್ಯ ಪಾತ್ರಕ್ಕೆ ಆರಿಸಿದುದು ಆ ಊರಿನ ಹುಡುಗನನ್ನೇ. ಡೇವಿಡ್ ಬ್ರಾಡ್ಲಿ ಎಂಬ ಹದಿನಾಲ್ಕರ ವಯಸ್ಸಿನ ವಿದ್ಯಾರ್ಥಿ. 1969ರಲ್ಲಿ ಲಂಡನ್ನಿನ ಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾಯಿತು. 1970ರಲ್ಲಿ ಕಾರ್ಲೊವಿ ವಾರಿಯ ಉತ್ಸವದಲ್ಲಿ ಅಗ್ರಪ್ರಶಸ್ತಿಯನ್ನು ಗಳಿಸಿತು. ಇಷ್ಟಾದರೂ ಚಿತ್ರ ಹಂಚುವ ವ್ಯಾಪಾರಿಗಳಿಗೆ ಇದು ಬಿಕರಿಯಾಗುವ ಸರಕೆಂಬ ನಂಬಿಕೆ ಹುಟ್ಟಲಿಲ್ಲ. ಪರೀಕ್ಷಾರ್ಥವಾಗಿ ಉತ್ತರದ ಊರುಗಳಲ್ಲಿ ಮಾತ್ರ ಮೊದಲು ಬಿಟ್ಟು ನೋಡಿದರು. ದಿನವೆಲ್ಲ ದುಡಿದು ದಣಿದ ಆ ಊರುಗಳ ಜನವೇ ಕಾಸು ಕೊಟ್ಟು ಬಂದು ನೋಡಿದರು. ದಣಿದವನು ದುಃಖವನ್ನು ಕೊಳ್ಳುವನೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ದೊರೆಯಿತು.

ಕಥೆ ದೊಡ್ಡದಲ್ಲ. ಬಿಲ್ಲಿ ಕ್ಯಾಸ್ಪರ್ ಎಂಬ ಹುಡುಗ, ಶಾಲೆ ಬಿಡುವ ವಯಸ್ಸಿನವನು. ತಂದೆ ಮನೆಯನ್ನು ಬಿಟ್ಟು ಹೋಗಿದ್ದಾನೆ. ತಾಯಿಗೆ ತನ್ನ ಬಾಳೇ ಹೊರಲಾರದ ಹೊರೆ. ಅಣ್ಣ ಜಡ್ ಗಣಿಗೆ ಇಳಿಯುವವನು, ಒರಟ. ಇಬ್ಬರಿಗೂ ಒಂದೇ ಹಾಸಿಗೆ. ಹುಡುಗ ನಸುಕಿನಲ್ಲೆದ್ದು ಮನೆಮನೆಗೆ ವೃತ್ತಪತ್ರಿಕೆ ಹಾಕುವನು. ಹಾಲಿನ ಗಾಡಿಯಿಂದ ಹಾಲನ್ನೂ ಮೊಟ್ಟೆಯನ್ನೂ ಕದಿಯುವನು. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ನಿಂತಲ್ಲಿಯೇ ತೂಕಡಿಸುವನು. ಇಂತಹವನು ಒಂದು ದಿನ ಹಳೆಯ ಗೋಡೆಯ ಸಂದಿನ ಗೂಡಿನಿಂದ ಚಾಣದ ಮರಿಯೊಂದನ್ನು ತೆಗೆದು ತರುತ್ತಾನೆ. (ಚಾಣವು ಡೇಗೆಯ ಬಳಗಕ್ಕೆ ಸೇರಿದ ಸಣ್ಣ ಹಕ್ಕಿ. ಗಾಳಿಯಲ್ಲಿ ಒಂದೇ ಎಡೆಯಲ್ಲಿ ರೆಕ್ಕೆ ಬಡಿಯುತ್ತ ನಿಂತು ಹುಲ್ಲಿನೊಳಗಿನ ಇಲಿಯನ್ನು ಹುಡುಕುವ ಈ ಹಕ್ಕಿಯನ್ನು ಚಳಿಗಾಲದಲ್ಲಿ ಕನ್ನಡನಾಡಿನ ಬಯಲುಗಳಲ್ಲಿಯೂ ಕಾಣಬಹುದು.) ಪಳಗಿಸುವ ವಿದ್ಯೆಯನ್ನು ಅರಿಯಲು ಪುಸ್ತಕಭಂಡಾರಕ್ಕೆ ಹೋಗುತ್ತಾನೆ. ಅಲ್ಲಿಯ ಅಧಿಕಾರಿಣಿಯು ಅವನ ಕೈಗಳ ಕೊಳೆಯನ್ನು ನೋಡುತ್ತಾಳೆ. ಮನೆಯ ಹಿರಿಯರ ರುಜುವಿಲ್ಲದೆ ಪುಸ್ತಕ ಕೊಡಲಾಗದೆಂದು ನಿಯಮವನ್ನು ಹೇಳುತ್ತಾಳೆ. ಹುಡುಗ ಹಳೆಯ ಪುಸ್ತಕಗಳ ಅಂಗಡಿಗೆ ಹೋಗಿ ಆ ಪುಸ್ತಕವನ್ನು ಕದಿಯುತ್ತಾನೆ. ಓದಲು ಬಾರದವನೆಂದು ಶಾಲೆಯು ಕೈಬಿಟ್ಟಿದ್ದವನು ಆ ಕಠಿನವಾದ ಗ್ರಂಥವನ್ನು ಓದಿ ಹಕ್ಕಿಗೆ ತಿದ್ದುತ್ತಾನೆ. ಮೊದಲು ಉದ್ದನೆಯ ಹುರಿ ಕಟ್ಟಿ, ಕಡೆಗೆ ಹುರಿಯಿಲ್ಲದೆಯೇ, ಮಾಂಸದ ತುಣುಕಿಗೆ ಕೂಗಿದೊಡನೆ ಅದು ಬಯಲಿನ ಆಚೆಯಿಂದ ಅವನ ಕೈಯ ಮೇಲೆ ಬಂದು ಇಳಿಯುವಂತಾಗುತ್ತದೆ.

ಮುಂದಿನದು ಬೇಗ ಮುಗಿಯುತ್ತದೆ. ಜಡ್ ತಮ್ಮನ ಕೈಗೆ ಕುದುರೆಯ ಬಾಜಿಯ ಹಣ ಕೊಟ್ಟು ಹೋಗಿರುತ್ತಾನೆ. ಆ ಕುದುರೆಗಳು ಗೆಲ್ಲುವಂಥವಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ ಹುಡುಗ ಆ ಹಣದಲ್ಲಿ ತಿಂಡಿ ಕೊಳ್ಳುತ್ತಾನೆ. ಕುದುರೆಗಳು ಗೆಲ್ಲುತ್ತವೆ. ಬಂದ ಹಣದಿಂದ ಒಂದು ವಾರ ಗಣಿಗೆ ಇಳಿಯದೆ ಇರಬಹುದಾಗಿತ್ತೆಂಬುದು ಜಡ್‌ನ ಸಂಕಟ. ಅವನು ಹಕ್ಕಿಯನ್ನು ಕೊಂದು ಕಸದ ತೊಟ್ಟಿಗೆ ಎಸೆಯುತ್ತಾನೆ. ಹುಡುಗ ಅದನ್ನು ಹುಡುಕಿ ತೆಗೆದು ಮನೆಯ ಹಿಂದೆ ಹೂಳುತ್ತಾನೆ.

ಇದರಲ್ಲಿ ರಸವೆಲ್ಲಿ, ಎಂದು ಮೊದಲನೆಯ ಪಕ್ಷದವರ ಆಕ್ಷೇಪ. ಆಕ್ಷೇಪಿಸುವವರು ಬಹುಮಟ್ಟಿಗೆ ಸಂಸ್ಕೃತದ ಅಭಿಮಾನಿಗಳೇ ಆಗಿರುವುದರಿಂದ ಅವರಿಗೆ ಆ ಶಾಸ್ತ್ರದ ಭಾಷೆಯಲ್ಲಿಯೇ ಉತ್ತರ ಹೇಳುವುದು ಯುಕ್ತ. ಬೇಡನು ಕ್ರೌಂಚಪಕ್ಷಿಗಳ ಜೋಡಿಯಲ್ಲಿ ಒಂದನ್ನು ಕೊಂದುದನ್ನು ಕಂಡು ಮಹರ್ಷಿಯೊಬ್ಬನಿಗಾದ ಶೋಕವೇ ಆದಿಕಾವ್ಯಕ್ಕೆ ಬೀಜವಾಯಿತೆಂದು ಬಲ್ಲವರು, ಒಂದು ಹಕ್ಕಿಯ ಸಾವಿನಲ್ಲಿ ಮುಗಿಯುವ ಕಥೆಗೆ ರಸವಿಲ್ಲವೆಂದು ಯಾವ ಬಾಯಿಂದ ಹೇಳುವರು? ಕರುಣವೊಂದೇ ರಸ, ಉಳಿದವೆಲ್ಲ ಅದರ ಸುಳಿ-ತೆರೆಗಳು ಎಂಬಷ್ಟರ ಮಟ್ಟಿಗೆ ಭವಭೂತಿಯು ಹೋದುದನ್ನು ಇವರೇ ಸಭೆಗಳಲ್ಲಿ ಕೊಂಡಾಡುವುದುಂಟು. ಸೀತೆಯ ಕಣ್ಣೀರು ರಸವಾಗಬಹುದು, ಗಣಿಯಾಳಿನ ಮಗನ ಕಣ್ಣೀರು ಆಗಕೂಡದು — ಒಳಗಿನ ಮಾತು ಇದೇ ಆಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಲಿ. ಅಲಂಕಾರಶಾಸ್ತ್ರದ ಮರೆಯಲ್ಲಿ ನಿಲ್ಲುವುದು ಬೇಡ.

ಬರಿಯ ಲೋಕದ ನಕಲಿನಲ್ಲಿ ಕಲೆಯಿಲ್ಲವೆಂಬುದು ಅವರ ಇನ್ನೊಂದು ವಾದ. ಭರತನು ನಾಟ್ಯಧರ್ಮಿಯನ್ನು ಹೇಳಿದಂತೆಯೇ ಲೋಕಧರ್ಮಿಯನ್ನೂ ಹೇಳಿದ್ದಾನೆ. ಶಾಸ್ತ್ರದಲ್ಲಿ ಹೇಳದೆ ಉಳಿದುದಕ್ಕೆ ಲೋಕವೇ ಪ್ರಮಾಣವೆಂದು ಒಪ್ಪಿದ್ದಾನೆ. ಅದಿರಲಿ, ‘ಕೆಸ್’ ಎಂಬುದು ನಕಲೂ ಅಲ್ಲ. ಕಾಲ್ಚೆಂಡಿನ ಆಟದ ಪ್ರಕರಣವನ್ನು ನೋಡಿದವರು ಇದನ್ನು ಒಪ್ಪುವರು. ವ್ಯಾಯಾಮದ ಉಪಾಧ್ಯಾಯನು ತಾನು ಮ್ಯಾಂಚೆಸ್ಟರ್ ಯುನೈಟೆಡ್ ಪಂಗಡದ ಬಾಬಿ ಚಾರ್ಲ್‌ಟನ್ ಎಂದು ಭಾವಿಸಿಕೊಂಡು, ಮಕ್ಕಳ ನಡುವೆ ಓಡಿ, ಮಕ್ಕಳನ್ನು ತಳ್ಳಿ, ತಾನೇ ತೀರ್ಪುಗಾರನಾಗಿ ತನಗೇ ಗೋಲು ಕೊಟ್ಟುಕೊಳ್ಳುತ್ತಾನೆ. ಗೋಲು ಕಾಯಬೇಕಾದ ಬಿಲ್ಲಿಯು ಚಳಿಗೆ ನಡುಗುತ್ತ, ಬೇಸರಕ್ಕೆ ಗೋಲಿನ ಅಡ್ಡಪಟ್ಟಿಯನ್ನೇರಿ ಕೋತಿಯಂತೆ ಜೋತಾಡುತ್ತಾನೆ. ನಗದೆ ಇರುವುದು ಅಸಾಧ್ಯ. ಆ ನಗೆ ಇನ್ನೂ ಮುಖದ ಮೇಲಿರುವಾಗಲೇ, ಸೋತ ಸಿಟ್ಟಿಗೆ ಆ ಉಪಾಧ್ಯಾಯನು ಹುಡುಗನನ್ನು ಸ್ನಾನದ ಕೊಠಡಿಯಲ್ಲಿ ತಡೆದು ನಿಲ್ಲಿಸಿ, ಬಿಸಿನೀರನ್ನು ನಿಲ್ಲಿಸಿ ತಣ್ಣೀರನ್ನು ಬಿಡುತ್ತಾನೆ. ಹಾಸ್ಯದಿಂದ ಭಯಕ್ಕೆ ಹಾಗೆ ತಿರುಗಿಸುವುದು ನಕಲು ಮಾಡುವವನ ಕೈಗೆ ಬರುವ ಕೆಲಸವಲ್ಲ.

ನಾಟ್ಯವು ದುಃಖಾರ್ತರಿಗೂ ಶ್ರಮಾರ್ತರಿಗೂ ವಿಶ್ರಾಂತಿಯನ್ನು ಕೊಡತಕ್ಕದ್ದೆಂದು ಭರತನೇ ವಿಧಿಸಿಲ್ಲವೇ ಎಂದು ಕೇಳಬಹುದು. ವಿಧಿಸಿದ್ದಾನೆ. ವಿಶ್ರಾಂತಿಯೆಂದರೆ ನಿದ್ರೆಯೆಂದು ಮಾತ್ರ ಅವನು ಹೇಳಿಲ್ಲ. ಬಾರ್ನ್ಸ್‌ಲಿಯ ಜನ ತಮ್ಮ ಊರಿನ ಮಾತನ್ನು — ‘ನೀವು’ ಎಂಬುದಕ್ಕಿಂತ ‘ನೀನು’ ಎಂಬುದೇ ಹೆಚ್ಚಾಗಿ ಉಳಿದಿರುವ, ಪಟ್ಟಣಿಗರು ಕೇಳಿ ನಗುವ ಆ ಹಳೆಯ ಮಾತನ್ನು — ಮೊದಲ ಬಾರಿಗೆ ತೆರೆಯ ಮೇಲಿಂದ ನಗೆಪಾಟಲಿಲ್ಲದೆ ಕೇಳಿದರು. ಹೊರಗಿನವರಿಗೆ ತಿಳಿಯದೆಂದು ಕೆಲವು ಮಾತುಗಳನ್ನು ಮುಂದೆ ತಿದ್ದಿ ಮತ್ತೆ ಧ್ವನಿ ಸೇರಿಸಬೇಕಾಯಿತಂತೆ. ಗ್ರಾಂಥಿಕ ಕನ್ನಡವಲ್ಲದ ಮಾತು ರಂಗದ ಮೇಲೆ ಕೇಳಿಬಂದರೆ ಅದು ವಿದೂಷಕನದೇ ಇರಬೇಕೆಂದು ಎಣಿಸುವ ಕನ್ನಡಿಗರಿಗೂ ಇದು ಯೋಚಿಸತಕ್ಕ ವಿಷಯ. ತನ್ನ ಮಾತು ಮಾತೆಂದು ಅಂಗೀಕೃತವಾದುದನ್ನು ಕೇಳಿದಾಗ ದಣಿದವನಿಗೆ ಆಗುವುದೂ ಒಂದು ವಿಶ್ರಾಂತಿಯೇ.

ಇನ್ನು ಹಕ್ಕಿಯ ವಿಷಯ. ಇದನ್ನು ಬಾಲಕನ ಆಟಿಕೆಯೆಂದು ಬಗೆದು ಮುಂದೆ ಹೋಗುವವರು ಚಿತ್ರದ ಮರ್ಮವನ್ನು ಬಿಟ್ಟು ಹೋಗುತ್ತಾರೆ. ಹೈನ್ಸ್ ಅವರ ಕಾದಂಬರಿಯ ಹೆಸರಿನ ಅರ್ಥ ‘ಆಳುಮಗನಿಗೊಂದು ಚಾಣ’ ಎಂದು. ಯೂರೋಪಿನಲ್ಲಿ ಡೇಗೆಯ ಬೇಟೆ ರಾಜರ ವಿನೋದವಾಗಿದ್ದ ಕಾಲದಲ್ಲಿ ಯಾವ ಯಾವ ಅಂತಸ್ತಿನವನು ಯಾವ ಯಾವ ಹಕ್ಕಿಯನ್ನು ಹಿಡಿಯಬಹುದೆಂದು ಇಂಗ್ಲೆಂಡಿನ ಹಳೆಯ ಗ್ರಂಥಗಳಲ್ಲಿ ಪಟ್ಟಿಯೇ ಇದ್ದಿತು. ಹದ್ದು ಚಕ್ರವರ್ತಿಗೆ, ಕಟ್ಟಕಡೆಯ ಚಾಣ ಕಟ್ಟಕಡೆಯ ಆಳಿಗೆ. ಈ ವಿಷಯದಲ್ಲಿ ಕನ್ನಡನಾಡು ಆಂಗ್ಲರಿಗಿಂತ ಹಿಂದೆ ಬಿದ್ದಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಶ್ಯೇನವಿನೋದವೆಂಬ ಪ್ರಕರಣವೇ ಇದೆ, ಕುಮಾವೂನದ ರುದ್ರದೇವನು ‘ಶ್ಯೈನಿಕಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದನು. ಎರಡೂ ಕಡೆಗಳಲ್ಲಿ ಇದು ಅರಸರ ವಿದ್ಯೆ, ಅರಸರಿಗಾಗಿ ಬರೆದ ಶಾಸ್ತ್ರ. ಆ ಶಾಸ್ತ್ರವನ್ನು ಗಣಿಯ ಊರಿನ ಒಬ್ಬ ಹುಡುಗ, ಕದ್ದ ಪುಸ್ತಕದಿಂದ, ಗುರುವಿಲ್ಲದೆ, ಒಂದು ಗುಡಿಸಲಿನಲ್ಲಿ ಕುಳಿತು ಕಲಿತನು. ಪಾಠಶಾಲೆಗಳಲ್ಲಿ ಏಕಲವ್ಯನ ಕಥೆಯನ್ನು ಹೇಳಿ ಕಣ್ಣು ತುಂಬಿಕೊಳ್ಳುವ ಪಂಡಿತರು ಇಲ್ಲಿ ತುಸು ನಿಂತು ನೋಡಬೇಕು.

ಇದು ಕಾದಂಬರಿಕಾರರ ಕಲ್ಪನೆಯೂ ಅಲ್ಲ. 1944ರ ವಿದ್ಯಾಭ್ಯಾಸದ ಕಾನೂನಿನ ಮೇಲೆ ಇಂಗ್ಲೆಂಡಿನಲ್ಲಿ ಹನ್ನೊಂದರ ವಯಸ್ಸಿನಲ್ಲಿ ಮಕ್ಕಳಿಗೆ ಒಂದು ಪರೀಕ್ಷೆ ನಡೆಯುತ್ತಿದ್ದಿತು. ತೇರ್ಗಡೆಯಾದವರು ಮೇಲುತರದ ವ್ಯಾಕರಣಶಾಲೆಗೆ. ಉಳಿದ ಬಹುಮಂದಿ ಇನ್ನೊಂದು ಬಗೆಯ ಶಾಲೆಗೆ, ಅಲ್ಲಿಂದ ಹದಿನೈದಕ್ಕೆ ಗಣಿಗೆ ಅಥವಾ ಕಾರ್ಖಾನೆಗೆ. (ಶಾಲೆ ಬಿಡುವ ವಯಸ್ಸನ್ನು ಹದಿನಾರಕ್ಕೆ ಏರಿಸಿದುದು 1972ರಲ್ಲಿ.) ಹೈನ್ಸ್ ಅವರ ಮನೆಯಲ್ಲಿ ಅಣ್ಣ ಬ್ಯಾರಿ ತೇರ್ಗಡೆಯಾದರು, ತಮ್ಮ ರಿಚರ್ಡ್ ಆಗಲಿಲ್ಲ. ಪರೀಕ್ಷೆಯ ತಕ್ಕಡಿಯಲ್ಲಿ ಹಗುರಾದ ಆ ತಮ್ಮನೇ ಗೂಡಿನಿಂದ ಚಾಣವನ್ನು ತಂದು, ಪುಸ್ತಕ ನೋಡಿ ಪಳಗಿಸಿದವರು. ಚಿತ್ರಕ್ಕಾಗಿ ಮೂರು ಹಕ್ಕಿಗಳನ್ನು ತಿದ್ದಿಕೊಟ್ಟು, ನಟಿಸುವ ಹುಡುಗನಿಗೆ ಆ ವಿದ್ಯೆಯನ್ನು ಕಲಿಸಿದವರು. ಮುಂದೆ ಅವರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರೂ ಆದರು. ಹನ್ನೊಂದರ ವಯಸ್ಸಿನಲ್ಲಿ ಮಕ್ಕಳನ್ನು ತೂಗಿದ ಆ ತಕ್ಕಡಿ ಎಷ್ಟು ಸರಿಯಾಗಿದ್ದಿತೆಂಬುದಕ್ಕೆ ಒಂದೇ ಮನೆಯ ಈ ಇಬ್ಬರು ಸಹೋದರರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಉಪಾಧ್ಯಾಯ ವರ್ಗದವರಲ್ಲಿ ಈ ಚಿತ್ರದ ಮೇಲೆ ಒಂದು ಅಸಮಾಧಾನ ಹುಟ್ಟುವುದು ಸಹಜ. ಗುರುಗಳನ್ನು ರಾಕ್ಷಸರಂತೆ ಚಿತ್ರಿಸಿದರೆ ಮಕ್ಕಳಿಗೆ ಗುರುಭಕ್ತಿ ಎಲ್ಲಿ ಉಳಿದೀತು ಎಂದು ಅವರು ಕೇಳಬಹುದು. ಆದರೆ ಸಾಕ್ಷಿ ಹೇಳಿದವರಾರು ಎಂಬುದನ್ನು ಅವರು ವಿಚಾರಿಸಬೇಕು. ಕಾದಂಬರಿಯನ್ನು ಬರೆದವರು ಉಪಾಧ್ಯಾಯರು. ಆ ವ್ಯಾಯಾಮದ ಉಪಾಧ್ಯಾಯನ ಪಾತ್ರವನ್ನು ಧರಿಸಿದ ಬ್ರಯನ್ ಗ್ಲವರ್ ಶಾಲೆಯಲ್ಲಿ ಪಾಠ ಹೇಳಿದವರು (ಜತೆಗೆ ಕುಸ್ತಿಯ ಪೈಲ್ವಾನರು!). ಸಾಧುವಾದ ಉಪಾಧ್ಯಾಯನ ಪಾತ್ರದ ಕಾಲಿನ್ ವೆಲಂಡ್ ಕೂಡ ಹಿಂದೆ ಅದೇ ವೃತ್ತಿಯಲ್ಲಿದ್ದವರು. ಇದು ಹೊರಗಿನವರು ಹೊರಿಸಿದ ಅಪವಾದವಲ್ಲ. ಮನೆಯವರೇ ಮನೆಯ ದೂಳನ್ನು ಹೊರಗೆ ಹಾಕಿದುದು. ಮುಖ್ಯೋಪಾಧ್ಯಾಯನೂ ರಾಕ್ಷಸನಾಗಿಲ್ಲ. ಸಿಗರೇಟು ಸೇದಿದ ಹುಡುಗರನ್ನು ಸಾಲಾಗಿ ನಿಲ್ಲಿಸಿಕೊಂಡು ಅವನು ಮಾಡುವ ಉಪನ್ಯಾಸವನ್ನು ಕೇಳಿದರೆ ಅದು ಗೊತ್ತಾಗುತ್ತದೆ. ಇಷ್ಟು ವರ್ಷ ಹೊಡೆದರೂ ಹುಡುಗರು ತಿದ್ದಲಿಲ್ಲವೆಂದು ಅವನೇ ಹಲುಬುತ್ತಾನೆ, ಹಲುಬಿ ಮತ್ತೆ ಬೆತ್ತವನ್ನು ಎತ್ತುತ್ತಾನೆ. ಔಷಧ ನಾಟುವುದಿಲ್ಲವೆಂದು ಬಲ್ಲ ವೈದ್ಯನು ಅಭ್ಯಾಸಬಲದಿಂದ ಅದನ್ನೇ ಕೊಡುತ್ತ ಹೋದಂತೆ! ಇನ್ನೊಬ್ಬ ಉಪಾಧ್ಯಾಯನಿಂದ ಯಾವುದೋ ಸಂದೇಶವನ್ನು ತಂದ ಪುಟ್ಟ ಬಾಲಕನೊಬ್ಬ ಆ ಸಾಲಿನಲ್ಲಿ ಸಿಕ್ಕಿಬಿದ್ದು, ದೊಡ್ಡ ಹುಡುಗರು ತಮ್ಮ ಸಿಗರೇಟುಗಳನ್ನು ಅವನ ಜೇಬಿಗೆ ತುರುಕಿದ ಕಾರಣ, ಒಂದು ಮಾತನ್ನೂ ಆಡಲಾಗದೆ ಅವರೊಂದಿಗೆ ಏಟು ತಿನ್ನುತ್ತಾನೆ. ಶಾಲೆಯಲ್ಲಿ ಒಂದು ವರ್ಷ ಪಾಠ ಹೇಳಿದವರೂ ಆ ಬಾಲಕನ ಮುಖವನ್ನು ಎಲ್ಲಿಯೋ ಕಂಡಿದ್ದಾರೆ.

ಆದರೆ ಈ ಚಿತ್ರದಲ್ಲಿ ನಿಜವಾದ ವಾಗ್ವಾದಕ್ಕೆ ಎಡೆಯಿರುವುದು ಕೆಟ್ಟ ಉಪಾಧ್ಯಾಯರ ವಿಷಯದಲ್ಲಲ್ಲ. ಒಳ್ಳೆಯ ಉಪಾಧ್ಯಾಯನ ವಿಷಯದಲ್ಲಿ. ಫಾರ್ದಿಂಗ್ ಎಂಬ ಭಾಷಾಪಾಠದ ಉಪಾಧ್ಯಾಯನು ಒಂದು ದಿನ ತರಗತಿಯಲ್ಲಿ ನಿಜವಾಗಿ ನಡೆದ ಸಂಗತಿಯೊಂದನ್ನು ಹೇಳಿರೆಂದು ಮಕ್ಕಳನ್ನು ಕೇಳುತ್ತಾನೆ. ತೂಕಡಿಸುತ್ತಿದ್ದ ಬಿಲ್ಲಿಯನ್ನು ಎಬ್ಬಿಸಿ ನಿಲ್ಲಿಸುತ್ತಾನೆ. ಹುಡುಗ ಮೊದಲು ತಡವರಿಸುತ್ತಾನೆ. ಮೆಲ್ಲಮೆಲ್ಲನೆ ಹಕ್ಕಿಯ ಮಾತು ಬರುತ್ತದೆ. ಬಂದ ಮೇಲೆ ತಡೆಯಿಲ್ಲ. ಅದರ ಕಾಲಿಗೆ ಕಟ್ಟುವ ತೊಗಲಿನ ಪಟ್ಟಿಯ ಹೆಸರನ್ನು ಕರಿಹಲಗೆಯ ಮೇಲೆ ಅಕ್ಷರ ತಪ್ಪದೆ ಬರೆಯುತ್ತಾನೆ. ಮೊದಲ ದಿನ ಹುರಿಯಿಲ್ಲದೆ ಹಾರಿಬಿಟ್ಟಾಗ ತನ್ನ ಎದೆ ಹೇಗೆ ಹಾರಿತೆಂಬುದನ್ನು ಹೇಳುತ್ತಾನೆ. ಇಡೀ ತರಗತಿ ಉಸಿರು ಹಿಡಿದು ಕೇಳುತ್ತದೆ. ಆ ಶಾಲೆಯಲ್ಲಿ ಅಂದು ನಡೆದ ಪಾಠ ಅದೊಂದೇ, ಹೇಳಿದವನು ಶಿಷ್ಯ. ಆ ಮಧ್ಯಾಹ್ನ ಫಾರ್ದಿಂಗನು ತಾನೇ ಹೊಲಕ್ಕೆ ಬಂದು ಹಕ್ಕಿಯ ಹಾರಾಟವನ್ನು ನೋಡುತ್ತಾನೆ, ಬೆರಗಾಗುತ್ತಾನೆ. ಇದು ಪಳಗಿದ ಹಕ್ಕಿಯಲ್ಲ, ಯಾರನ್ನೂ ಲೆಕ್ಕಿಸದ ಕಾಡುಹಕ್ಕಿ, ತನ್ನನ್ನೂ ಲೆಕ್ಕಿಸದು, ಅದರಿಂದಲೇ ಅದು ದೊಡ್ಡದು, ಎಂಬ ಅಭಿಪ್ರಾಯವನ್ನು ಹುಡುಗ ಅವನಿಗೆ ಹೇಳುತ್ತಾನೆ. ಗುರುವಾದವನು ತಲೆಬಾಗಿ ಕೇಳುತ್ತಾನೆ. ಆಮೇಲೆ ಹೊರಟುಹೋಗುತ್ತಾನೆ.

ಹೊರಟುಹೋಗುತ್ತಾನೆ ಎಂಬಲ್ಲಿ ಎರಡನೆಯ ಪಕ್ಷದವರು ತಮ್ಮನ್ನು ತಾವು ಕಾಣಬೇಕು. ಅದೇ ದಿನ ಉದ್ಯೋಗಾಧಿಕಾರಿಯೊಬ್ಬನು ಶಾಲೆಗೆ ಬಂದು ಹುಡುಗರನ್ನು ಒಬ್ಬೊಬ್ಬರಾಗಿ ಕರೆದು, ಕೈಕೆಲಸವೋ ಕಚೇರಿಯ ಕೆಲಸವೋ ಎಂದು ಕೇಳಿ, ಕಾಗದದಲ್ಲಿ ಗುರುತು ಹಾಕಿಕೊಳ್ಳುತ್ತಿರುತ್ತಾನೆ. ಅವನ ಮುಂದೆ ಕುಳಿತ ಬಿಲ್ಲಿಗೆ ಹಕ್ಕಿಯ ಮಾತು ಬಾಯಿಗೇ ಬರುವುದಿಲ್ಲ. ಮನಸ್ಸೆಲ್ಲ ಮನೆಯ ಹಿಂದಿನ ಗುಡಿಸಲ ಕಡೆ. ಗಣಿಗೆ ಮಾತ್ರ ಇಳಿಯುವುದಿಲ್ಲವೆಂದು ಹೇಳಿ ಎದ್ದುಬರುತ್ತಾನೆ. ಈ ಹುಡುಗನಿಗೆ ಹಕ್ಕಿಗಳ ವಿಷಯದಲ್ಲಿ ಅಸಾಧಾರಣವಾದ ತಿಳಿವಿದೆ, ಪ್ರಾಣಿಗಳ ನಡುವಿನ ಕೆಲಸವಾವುದಾದರೂ ಇದ್ದರೆ ನೋಡಿರೆಂದು ಆ ಅಧಿಕಾರಿಗೆ ಒಂದು ಮಾತು ಹೇಳಬಲ್ಲವನು ಆ ಶಾಲೆಯಲ್ಲಿ ಫಾರ್ದಿಂಗನೊಬ್ಬನೇ ಇದ್ದನು. ಆ ಒಂದು ಮಾತು ಆಡಲ್ಪಡಲಿಲ್ಲ. ಅವನು ದುಷ್ಟನಲ್ಲ, ಚಿತ್ರದಲ್ಲಿರುವ ಅತ್ಯಂತ ಸಜ್ಜನನು ಅವನೇ. ಅವನು ಮೆಚ್ಚಿದನು. ಮೆಚ್ಚಿದುದರಿಂದಲೇ ತನ್ನ ಕರ್ತವ್ಯ ಮುಗಿಯಿತೆಂದು ತಿಳಿದನು. ಚಿತ್ರವನ್ನು ನೋಡಿ ಕಣ್ಣೊರಸಿಕೊಂಡು ಮನೆಗೆ ಹೋಗುವ ಸಹೃದಯನು ಮಾಡುವುದೂ ಅಕ್ಷರಶಃ ಇದನ್ನೇ. ಅವನೂ ಹೊಲದ ಅಂಚಿನಲ್ಲಿ ನಿಂತು ಹಕ್ಕಿ ಹಾರುವುದನ್ನು ನೋಡಿ ಬೆರಗಾಗಿ ಹಿಂದಿರುಗಿದವನು. ಮರುದಿನ ತನ್ನ ತರಗತಿಯ ಕಡೆಯ ಬೆಂಚಿನಲ್ಲಿ, ಹೋಟೆಲಿನಲ್ಲಿ ರಾತ್ರಿಯೆಲ್ಲ ಲೋಟ ತೊಳೆದು ಬಂದು ತೂಕಡಿಸುವವನನ್ನು ಅವನು ಸೋಮಾರಿಯೆಂದೇ ಕರೆಯುವನು. ಬಿಲ್ಲಿಗಾಗಿ ಅತ್ತ ಕಣ್ಣೇ ಇವನನ್ನು ಕಾಣುವುದಿಲ್ಲ. ಬೆತ್ತ ಹೋಗಿದೆ, ನಿಜ. ಇಂಗ್ಲೆಂಡಿನ ಸರಕಾರೀ ಶಾಲೆಗಳಲ್ಲಿ 1987ರಿಂದ ಹೋಯಿತು, ಭಾರತದಲ್ಲಿ 2009ರ ಶಿಕ್ಷಣ ಹಕ್ಕಿನ ಕಾನೂನು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಕಾಣದಿರುವಿಕೆಯನ್ನು ನಿಷೇಧಿಸುವ ಕಾನೂನು ಇನ್ನೂ ಎಲ್ಲಿಯೂ ಆದಂತಿಲ್ಲ.

ಇಷ್ಟು ಹೇಳಿದ ಮೇಲೆ ಚಿತ್ರ ಮಾಡಿದವರ ಒಂದು ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಆ ಬೆತ್ತದ ದೃಶ್ಯದಲ್ಲಿ ಹುಡುಗರ ಅಂಗೈಗಳ ಮೇಲೆ ನಿಜವಾಗಿಯೇ ಏಟು ಬಿದ್ದಿತೆಂಬುದನ್ನು ಆ ಚಿತ್ರಕ್ಕೆ ಸೇರಿದವರೇ ಮುಂದೆ ಹೇಳಿದ್ದಾರೆ. ಪುಟ್ಟ ಬಾಲಕನ ಕಣ್ಣಲ್ಲಿ ಬಂದ ನೀರು ಅಭಿನಯದ ನೀರಲ್ಲ. ಇದನ್ನು ಸಹಜತೆಯೆಂದು ಹೊಗಳುವವರೂ ಉಂಟು. ಇಲ್ಲಿ ಮಾತ್ರ ಹಳೆಯ ಶಾಸ್ತ್ರಕಾರರ ವಿವೇಕವು ಲೋಚ್ ಅವರ ವಿವೇಕಕ್ಕಿಂತ ಮೇಲಾದುದೆಂದು ಹೇಳಲೇಬೇಕು. ಬರೆದ ಕುದುರೆಯನ್ನು ನೋಡಿ ಕುದುರೆಯೆನ್ನುವಂತೆ ನಟನನ್ನು ರಾಮನೆನ್ನುತ್ತಾರೆ ಎಂದು ಶಂಕುಕನು ಹೇಳಿದನು. ಬರೆದ ಕುದುರೆಗೆ ಚಾವಟಿಯ ಏಟು ತಗಲುವುದಿಲ್ಲ. ನಟನ ದುಃಖವು ನಿಜವಾದರೆ ಅದು ಅನುಭಾವವಲ್ಲ, ಬರಿಯ ನೋವು. ಆ ನೋವನ್ನು ಅನುಭವಿಸಿದವನು ಸಂಬಳದ ದೊಡ್ಡವನಲ್ಲ, ಮಗು. ಮಕ್ಕಳಿಗೆ ಹೊಡೆಯುವುದು ಅನ್ಯಾಯವೆಂದು ಸಾರಲು ಮಕ್ಕಳಿಗೆ ಹೊಡೆದರೆ, ಆ ಮುಖ್ಯೋಪಾಧ್ಯಾಯನಿಗೂ ಈ ನಿರ್ದ��ಶಕರಿಗೂ ಆ ಒಂದು ಗಳಿಗೆಯ ಮಟ್ಟಿಗೆ ಭೇದವೇನು? ಇಬ್ಬರೂ ಮೇಲಾದ ಉದ್ದೇಶವೊಂದನ್ನು ಹೇಳಿಕೊಂಡೇ ಬೆತ್ತವನ್ನು ಎತ್ತಿದವರು. ಚಿತ್ರ ದೊಡ್ಡದಾದುದರಿಂದ ಈ ತಪ್ಪು ಚಿಕ್ಕದಾಗುವುದಿಲ್ಲ. ಚಿತ್ರದ ನ್ಯಾಯದಿಂದಲೇ ಅದನ್ನು ತಪ್ಪೆಂದು ತೀರ್ಮಾನಿಸಬೇಕಾಗುತ್ತದೆ.

ಮೊದಲನೆಯ ಪಕ್ಷದವರ ಬತ್ತಳಿಕೆಯಲ್ಲಿ ಇನ್ನೂ ಒಂದು ಬಾಣವಿದೆ. ಇಂತಹ ಚಿತ್ರಗಳಿಂದ ದೇಶದ ಮಾನ ಹೋಗುತ್ತದೆಂಬುದು ಅದು. ಮೆಕ್ಸಿಕೋ ನಗರದ ಬೀದಿಮಕ್ಕಳನ್ನು ಕುರಿತು ಬುನ್ಯುಯೆಲ್ ಅವರು ತೆಗೆದ ಚಿತ್ರ 1950ರಲ್ಲಿ ಹೊರಬಂದಾಗ ಆ ದೇಶದ ಅಭಿಮಾನಿಗಳು ಎಷ್ಟು ಕೆರಳಿದರೆಂದರೆ, ಅದನ್ನು ಕೆಲವೇ ದಿನಗಳಲ್ಲಿ ಚಿತ್ರಮಂದಿರದಿಂದ ತೆಗೆಯಬೇಕಾಯಿತು. ಮರುವರ್ಷ ಕ್ಯಾನ್ ಉತ್ಸವದಲ್ಲಿ ಅದಕ್ಕೆ ನಿರ್ದೇಶನದ ಪ್ರಶಸ್ತಿ ಬಂದ ಮೇಲೆ ಮಾನ ಮರಳಿ ಬಂದಿತು! ಭಾರತದಲ್ಲಿಯೂ 1980ರಲ್ಲಿ, ‘ಪಥೇರ್ ಪಾಂಚಾಲಿ’ ಬಂದು ಕಾಲು ಶತಮಾನವಾದ ಮೇಲೆ, ಸತ್ಯಜಿತ್ ರಾಯ್ ಅವರು ದೇಶದ ಬಡತನವನ್ನು ಹೊರನಾಡಿಗೆ ಮಾರುತ್ತಿದ್ದಾರೆಂಬ ಆಪಾದನೆಯನ್ನು ನಟಿ ನರ್ಗಿಸ್ ಅವರು ರಾಜ್ಯಸಭೆಯಲ್ಲಿದ್ದಾಗ ಮಾಡಿದರು. ಕನ್ನಡಿಯನ್ನು ಒಡೆದರೆ ಮುಖದ ಕಲೆ ಹೋಗುವುದೆಂಬ ಈ ವಾದಕ್ಕೆ ಉತ್ತರ ಹೇಳುತ್ತ ಕೂರುವುದು ಪತ್ರಿಕೆಯ ಪುಟಗಳ ಅಪವ್ಯಯ.

ಕಡೆಗೆ, ಚಿತ್ರದ ಮುಕ್ತಾಯವು ನಿರಾಶೆಯದೆಂದೂ, ಹಕ್ಕಿಯನ್ನು ಬದುಕಿಸಿ, ದುಷ್ಟನಾದ ಅಣ್ಣನಿಗೆ ಶಿಕ್ಷೆ ಕೊಡಿಸಿದ್ದರೆ ನೋಡುವವರಿಗೆ ಸಮಾಧಾನವಾಗುತ್ತಿದ್ದಿತೆಂದೂ ಹೇಳುವ ಕೋಮಲಹೃದಯರಿದ್ದಾರೆ. ಇವರು ಮೂಲ ಕಾದಂಬರಿಯನ್ನು ಓದಬೇಕು. ಚಿತ್ರದಲ್ಲಿ ಬಿಟ್ಟುಹೋಗಿರುವ ಒಂದು ಪ್ರಕರಣ ಅದರಲ್ಲಿದೆ. ಹಕ್ಕಿ ಸತ್ತ ರಾತ್ರಿ ಬಿಲ್ಲಿಯು ಅದರ ದೇಹವನ್ನು ಹೊತ್ತುಕೊಂಡು ಊರೆಲ್ಲ ಅಲೆದು, ಬಹುಕಾಲದಿಂದ ಮುಚ್ಚಿ ಪಾಳುಬಿದ್ದಿರುವ ಒಂದು ಸಿನಿಮಾ ಮಂದಿರದೊಳಕ್ಕೆ ನುಸುಳುತ್ತಾನೆ. ತಂದೆಯು ಮನೆ ಬಿಡುವ ಮೊದಲು ಅವನನ್ನು ಕೈಹಿಡಿದು ಕರೆತರುತ್ತಿದ್ದುದು ಅಲ್ಲಿಗೇ. ಕತ್ತಲಲ್ಲಿ ಕುಳಿತ ಹುಡುಗನಿಗೆ ತೆರೆಯ ಮೇಲೆ ತಾನೇ ನಾಯಕನಾಗಿ, ಕೈಯ ಮೇಲೆ ತನ್ನ ಡೇಗೆಯನ್ನು ಹೊತ್ತು ನಿಂತಂತೆ ತೋರುತ್ತದೆ. ಅದು ಅಣ್ಣನ ಮೇಲೆ ಎರಗಲೆಂದು ಅವನು ಬಯಸುತ್ತಾನೆ. ಕೋಮಲಹೃದಯರು ಬೇಡುವ ಚಿತ್ರವನ್ನೇ ಆ ಹುಡುಗನೂ ಆ ರಾತ್ರಿ ನೋಡಲು ಪ್ರಯತ್ನಪಟ್ಟನು. ಅದು ಅವನ ಇಷ್ಟದಂತೆ ಮುಗಿಯಲಿಲ್ಲ. ಎದ್ದು ಮನೆಗೆ ಬಂದು, ಹಕ್ಕಿಯನ್ನು ಹೂಳಿ, ಒಳಗೆ ಹೋಗಿ ಮಲಗಿದನು.